ಗ್ಲಾಡಿಯೋಲಸ್‌ಗೆ ದಿಮ್ಮಸ್ಸು

ನೆಲದ ವಿಷಯದಲ್ಲಿ ನನಗೆ ಯಾರೂ ಬುದ್ಧಿ ಹೇಳಬಾರದು! ಊರಿನ ಅರ್ಧ ಮನೆಗಳಿಗೆ ಟೈಲ್ಸ್ ಕೂರಿಸಿದವನು ನಾನು. ನಾನು ಹಾಕಿದ ನೆಲದ ಮೇಲೆ ಗೋಲಿ ಇಟ್ಟರೆ ಅಲ್ಲಾಡದೆ ಕೂರಬೇಕು. ಅಲ್ಲಾಡಿದರೆ ತಪ್ಪು ಗೋಲಿಯದು!

ಅಂಥವನಿಗೆ ಗ್ಲಾಡಿಯೋಲಸ್ ಗಡ್ಡೆ ನೆಡುವುದು ಯಾವ ಲೆಕ್ಕ? ಮೆಟ್ಟಿಲಲ್ಲಿ ಬಿದ್ದು ಕಾಲು ಮುರಿದುಕೊಂಡ ನನ್ನ ಹೆಂಡತಿ, ಪ್ಲಾಸ್ಟರ್ ಬಿಚ್ಚಿದ ಮೇಲೂ ಮಂಚ ಬಿಟ್ಟಿರಲಿಲ್ಲ. "ನಡೆಯಮ್ಮ" ಎಂದು ಡಾಕ್ಟರು ಹೇಳಿದರೆ "ಮತ್ತೆ ಬಿದ್ದರೆ?" ಎಂದು ಗೋಡೆ ಕಡೆ ತಿರುಗುತ್ತಿದ್ದಳು. ತಂದಿಟ್ಟ ವಾಕರಿನ ಮೇಲೆ ಟವೆಲ್ ಒಣಗುತ್ತಿತ್ತು. ಕಿಟಕಿಯಾಚೆ ಹೂವು ಬಿಟ್ಟರೆ ನೋಡಲಿಕ್ಕಾದರೂ ಏಳಲಿ ಎಂದು ಅವಳ ತಂಗಿ ಒಂದು ಚೀಲ ಗಡ್ಡೆ ತಂದುಕೊಟ್ಟಳು.

"ಭಾವ, ಮಣ್ಣು ಸಡಿಲ ಇರ್ಲಿ."

"ನನಗೇ ಮಣ್ಣಿನ ಪಾಠವಾ?" ಎಂದು ಗದರಿದೆ.

ಕಿಟಕಿಯಾಚೆಯ ಅಂಗಳದಲ್ಲಿ ದಾರ ಕಟ್ಟಿದೆ, ರಸಮಟ್ಟ ಇಟ್ಟೆ, ಸಾಲು ಹಿಡಿದು ಗಡ್ಡೆ ಕೂರಿಸಿ ಮಣ್ಣು ಮುಚ್ಚಿದೆ. ಅಷ್ಟಕ್ಕೇ ಬಿಟ್ಟಿದ್ದರೆ ನಾನು ನಾನಾಗುತ್ತಿದ್ದೆನೇ? ಟೈಲ್ಸಿನ ಅಡಿ ಮಣ್ಣು ಸಡಿಲವಿದ್ದರೆ ನೆಲ ಕುಸಿಯುತ್ತದೆ. ಕೈ ತಾನಾಗಿಯೇ ನೆಲ ಬಡಿಯುವ ದಿಮ್ಮಸ್ಸಿಗೆ ಹೋಯಿತು. ಧಬ್! ಧಬ್!

"ರೀ, ಏನು ಬಡೀತಿದ್ದೀರಾ?" ಮಂಚದಿಂದಲೇ ಹೆಂಡತಿ ಕೂಗಿದಳು.

"ನಿನ್ನ ಹೂವಿಗೆ ಅಡಿಪಾಯ ಕಣೇ!"

ವಾರಗಳು ಕಳೆದರೂ ಮೊಳಕೆಯ ಸುಳಿವಿಲ್ಲ. ಸುರಿದ ನೀರು ತಟ್ಟೆಯಲ್ಲಿದ್ದಂತೆ ಮೇಲೆಯೇ ನಿಂತು, ಗುಬ್ಬಿಗಳು ಈಜು ಕಲಿತವು! ನಾದಿನಿಗೆ ಫೋನಿನಲ್ಲಿ ಬೆಂಕಿ ಕಾರಿದೆ. "ಸತ್ತ ಗಡ್ಡೆ ತಂದ್ಕೊಟ್ಟಿದ್ದೀಯ!"

ಪಾಪ, ಓಡಿ ಬಂದಳು. ಅಂಗಳದಲ್ಲಿ ನಿಂತು ಹಿಮ್ಮಡಿಯಿಂದ ನೆಲ ಕುಟ್ಟಿ ನೋಡಿ ಕೂಗಿದಳು: "ಅಕ್ಕಾ! ಭಾವ ಗಡ್ಡೆ ನೆಟ್ಟಿಲ್ಲ ಕಣೇ, ಸಮಾಧಿ ಕಟ್ಟಿದ್ದಾರೆ!"

ಒಳಗಿನಿಂದ ನಗು ಕೇಳಿಸಿತು. ಬಿದ್ದ ಮೇಲೆ ಮೊದಲ ಸಲ! ಆದರೆ ನನಗೆ ಸಿಟ್ಟು ನೆತ್ತಿಗೇರಿತ್ತು. ಎಲ್ಲ ಅಗೆದು ಎಸೆಯುತ್ತೇನೆಂದು ಗುದ್ದಲಿ ಎತ್ತಿದೆ.

"ಮುಟ್ಟಬೇಡಿ!"

ತಿರುಗಿದರೆ, ಹೆಂಡತಿ ವಾಕರ್ ಹಿಡಿದು ಬಾಗಿಲಲ್ಲಿ ನಿಂತಿದ್ದಾಳೆ! ವಾಕರಿನ ಮೇಲೆ ಟವೆಲ್ ಹಾಗೇ ಇದೆ.

"ಇಷ್ಟು ಮಟ್ಟಸವಾದ ನೆಲ ಮತ್ತೆಲ್ಲಿ ಸಿಗುತ್ತೆ? ಇಲ್ಲಿ ಬೀಳ್ಬೇಕು ಅಂದ್ರೂ ಬೀಳೋಕಾಗಲ್ಲ. ನಾನು ಇಲ್ಲೇ ನಡೀತೀನಿ."

ನಡೆದಳು! ನಾನು ಗುದ್ದಲಿ ಕೆಳಗಿಟ್ಟು ನೆನಪಿಗೆ ಬಂದ ದೇವರಿಗೆಲ್ಲ ಕೈಮುಗಿದೆ. ಮೊಳೆಯದೆ ಉಪಕಾರ ಮಾಡಿದ ಗಡ್ಡೆಗಳಿಗೂ, ಸುಮ್ಮನೆ ಬೈಸಿಕೊಂಡ ನಾದಿನಿಗೂ. ದಿನಾ ಆ ನೆಲದ ಮೇಲೆ ನಡೆದೂ ನಡೆದೂ ಹೆಂಡತಿ ಈಗ ವಾಕರನ್ನೇ ಬಿಟ್ಟಿದ್ದಾಳೆ.

ಮೊನ್ನೆ ಅಂಗಳದ ತುದಿಯಿಂದ ಕೂಗಿದಳು, "ರೀ, ಬೇಗ ಬನ್ನಿ!" ಮತ್ತೆ ಬಿದ್ದಳೇನೋ ಎಂದು ಓಡಿದೆ. ಕಾಂಪೌಂಡಿನ ಮೂಲೆಯಲ್ಲಿ ಒಂದೇ ಒಂದು ಗ್ಲಾಡಿಯೋಲಸ್ ಕೆಂಪಗೆ ಅರಳಿ ನಿಂತಿತ್ತು!

"ನೋಡಿದೆಯಾ ನನ್ನ ಕೈಗುಣ!" ಎಂದು ಮೀಸೆ ತಿರುವಿದೆ.

ಅವಳು ಬಗ್ಗಿ, ಹೂವಿನ ಬುಡ ನೋಡಿ, ನನ್ನ ಮುಖ ನೋಡಿದಳು.

"ಕೈಗುಣ ಅಲ್ಲ ಕಣ್ರೀ. ಗೋಡೆ ಅಡ್ಡ ಬಂದು ಇಲ್ಲಿಗೆ ನಿಮ್ಮ ದಿಮ್ಮಸ್ಸು ತಲುಪಿಲ್ಲ!"