ಎಡಕ್ಕೆ ಅರ್ಧ ಬೆರಳು

ನನಗೊಂದು ಚಟವಿದೆ. ಎಲೆಅಡಿಕೆಯದಲ್ಲ, ಬೀಡಿಯದಲ್ಲ, ಬರೆದಿಡುವ ಚಟ. ಲೋಕದಲ್ಲಿ ಮರೆಯಬಲ್ಲವರೇ ಸುಖಿಗಳು, ನನಗೆ ಆ ಸುಖ ಲಭ್ಯವಿಲ್ಲ. ಹೋದ ಯುಗಾದಿಗೆ ನಾನು ತಿಂದ ಹೋಳಿಗೆ ಒಂಬತ್ತು ಎಂಬುದು ನನ್ನ ಡೈರಿಯಲ್ಲಿದೆ. ಹನ್ನೆರಡು ತಿಂದೆ ಎಂದು ಎಲ್ಲರೆದುರು ತಮಾಷೆ ಮಾಡಿದ ಸೋದರಮಾವನಿಗೆ ಪುಟ ತೆರೆದು ತೋರಿಸಿದೆ. ಅವರು ತಿಂದದ್ದು ಹದಿನಾಲ್ಕು ಎಂಬುದೂ ಅದೇ ಪುಟದಲ್ಲಿತ್ತು. ಈ ಯುಗಾದಿಗೆ ಅವರು ನಮ್ಮನ್ನು ಕರೆಯಲಿಲ್ಲ. "ಎಣಿಸಿ ತಿಂದದ್ದು ಮೈಗೆ ಹತ್ತೋದಿಲ್ಲ ಕಣೋ" ಎನ್ನುತ್ತಾರೆ ನಮ್ಮಮ್ಮ. ಅದನ್ನು ಅವರು ಎಷ್ಟು ಸಲ ಹೇಳಿದ್ದಾರೆ ಎಂಬ ಲೆಕ್ಕ ನನ್ನ ಬಳಿ ಇದೆ, ಆದರೆ ಅವರಿಗೆ ಹೇಳಿಲ್ಲ.

ಇಂಥವನಿಗೆ ನಮ್ಮ ಇಲಾಖೆ ಎರಡು ಚಕ್ರದ ಒಂದು ಮನೆಯನ್ನೇ ಒಪ್ಪಿಸಿತು. ತಗಡಿನ ಗೋಡೆ, ಹಿಂದೊಂದು ಬಾಗಿಲು, ಒಳಗೆ ಎಡಕ್ಕೂ ಬಲಕ್ಕೂ ಪುಸ್ತಕದ ಕಪಾಟು. ಜೀಪಿನ ಹಿಂದೆ ಕೊಂಡಿ ಸಿಕ್ಕಿಸಿ ಎಳೆದುಕೊಂಡು ಹೋಗಬೇಕು. ಕಾಗದದ ಮೇಲೆ ಅದರ ಹೆಸರು ಸಂಚಾರಿ ಗ್ರಂಥಾಲಯ, ಜನ ಕರೆದದ್ದು ಪುಸ್ತಕದ ಗಾಡಿ. ಮಂಗಳವಾರ ಈಸೂರು, ಗುರುವಾರ ಅಂಬ್ಲಿಗೊಳದ ಕಡೆ, ಶನಿವಾರ ಸೊರಬದ ಬಸ್ ಸ್ಟ್ಯಾಂಡು. ಒಂದು ವರ್ಷದ ಪ್ರಯೋಗ. ಚೆನ್ನಾಗಿ ನಡೆದರೆ ಗಾಡಿಯೂ ನಾನೂ ಮುಂದುವರಿಯುತ್ತೇವೆ, ಇಲ್ಲವಾದರೆ ಗಾಡಿ ಶಿವಮೊಗ್ಗದ ಕಚೇರಿಯ ಹಿತ್ತಲಿಗೆ, ನಾನು ಶಿಕಾರಿಪುರದ ನಮ್ಮ ಮನೆಯ ಜಗಲಿಗೆ. ತಾತ್ಕಾಲಿಕ ನೌಕರಿಯಲ್ಲಿ ಗಾಡಿಗೂ ನೌಕರನಿಗೂ ಒಂದೇ ಜಾತಕ.

ಗಾಡಿಯ ಜೊತೆಗೆ ಕಾರ್ಖಾನೆಯವರು ಒಂದು ಕಿರುಹೊತ್ತಿಗೆ ಕೊಟ್ಟಿದ್ದರು. ಗ್ಯಾರಂಟಿ ಪುಸ್ತಕ. ಅಡಿಚೌಕಟ್ಟು, ಅಚ್ಚು, ಚಕ್ರಗಳ ಮೇಲಿನ ಸ್ಪ್ರಿಂಗು ಇವು ಒಂದು ವರ್ಷದೊಳಗೆ ಕೆಟ್ಟರೆ ಅವರೇ ರಿಪೇರಿ ಮಾಡಿಕೊಡುತ್ತಾರೆ. ಆದರೆ ಐನೂರು ಕಿಲೋಮೀಟರಿಗೊಮ್ಮೆ ಗ್ರೀಸ್ ಹಾಕಿಸಿ ಮೆಕ್ಯಾನಿಕ್‌ನ ಗುರುತು ಹಾಕಿಸಿರಬೇಕು. ಹೊರಡುವ ಮುಂಚೆ ಕೊಂಡಿ, ಅದರ ಜೊತೆಯ ಸರಪಳಿ, ಚಕ್ರದ ನಟ್ಟು ನೋಡಿರಬೇಕು. ಭಾರ ಎರಡೂ ಕಡೆ ಸಮನಾಗಿರಬೇಕು. ನಿಂತಾಗ ಗಾಡಿ ಮಟ್ಟಸವಾಗಿರಬೇಕು. ಹೊರಗಿನವರು ಯಾರೂ ಸ್ಪ್ರಿಂಗನ್ನು ಬಿಚ್ಚಿರಬಾರದು. ನಾನು ಅದನ್ನು ಮೂರು ಸಲ ಓದಿದೆ. ಹುಡುಗಿಯ ಕಡೆಯಿಂದ ಬಂದ ಕಾಗದವನ್ನೂ ಜನ ಅಷ್ಟು ಶ್ರದ್ಧೆಯಿಂದ ಓದಲಿಕ್ಕಿಲ್ಲ. ನನಗೆ ಅಂಥ ಕಾಗದ ಇನ್ನೂ ಬಂದಿಲ್ಲ, ಹೋಲಿಕೆ ಊಹೆಯದು.

ಜೀಪಿನ ಡ್ರೈವರು ರುದ್ರಪ್ಪನವರು. ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಶಿಕಾರಿಪುರದವರೇ. ಅವರ ಜೀಪಿನ ಮೀಟರ್ ಯಾವ ಕಾಲದಲ್ಲೋ ನಿಂತುಹೋಗಿತ್ತು. ಹಾಗಾಗಿ ದೂರದ ಲೆಕ್ಕಕ್ಕೆ ನಾನು ರಸ್ತೆ ಬದಿಯ ಕಲ್ಲುಗಳನ್ನು ಎಣಿಸುತ್ತಿದ್ದೆ. ಕಲ್ಲು ಬಿದ್ದುಹೋದ ಕಡೆ "ಕಲ್ಲು ಇಲ್ಲ, ಆದರೂ ಒಂದು" ಎಂದು ಬರೆಯುತ್ತಿದ್ದೆ. ಮಟ್ಟಸ ನೋಡಲು ನನ್ನದೇ ಒಂದು ಉಪಾಯ: ಹಿಂಬಾಗಿಲಿನ ಚೌಕಟ್ಟಿನ ನಡುವೆ ಒಂದು ದಾರ ಕಟ್ಟಿ, ತುದಿಗೆ ಬೀಗ ತೂಗಬಿಟ್ಟು, ಅದು ಹೊಸ್ತಿಲ ಮೇಲಿನ ಗುರುತಿನಿಂದ ಎಷ್ಟು ಬೆರಳು ಪಕ್ಕಕ್ಕಿದೆ ಎಂದು ಅಳೆದು ಡೈರಿಗೆ ಏರಿಸುವುದು.

"ಇದು ಪುಸ್ತಕದ ಗಾಡಿಯೋ, ಮನೆ ಕಟ್ಟೋ ಗಾರೆ ಕೆಲಸವೋ ಸಾರ್?" ಎಂದು ರುದ್ರಪ್ಪನವರು ಕೇಳಿದರು.

"ಗ್ಯಾರಂಟಿಗೆ ಬೇಕಾಗುತ್ತೆ ರುದ್ರಪ್ಪನವರೇ."

"ನಮ್ಮ ಮದುವಿಗೂ ಪುರೋಹಿತ್ರು ಗ್ಯಾರಂಟಿ ಕೊಟ್ಟಿದ್ರು ಬಿಡ್ರಿ" ಎಂದು ಅವರು ಜೀಪ್ ಹತ್ತಿದರು.

ಸೊರಬದಲ್ಲಿ ಗ್ರೀಸ್ ಹಾಕುತ್ತಿದ್ದವರು ಬಾಷಾ ಸಾಬರು. ಬಸ್ ಸ್ಟ್ಯಾಂಡಿನ ಹಿಂದೆ ಅವರ ಗ್ಯಾರೇಜು. ತಂದೆಯ ಕಾಲದಲ್ಲಿ ಅಲ್ಲಿ ಎತ್ತಿನಗಾಡಿಯ ಚಕ್ರಕ್ಕೆ ಪಟ್ಟಿ ಹಾಕುತ್ತಿದ್ದರಂತೆ. ಮೊದಲ ಸಲವೇ ನಾನು ಗ್ಯಾರಂಟಿ ಪುಸ್ತಕ ಎತ್ತಿಹಿಡಿದು ಭಾಷಣ ಮಾಡಿದ್ದೆ: ಗ್ರೀಸ್ ಮಾತ್ರ ಹಾಕಬೇಕು, ಬೇರೆ ಏನನ್ನೂ ಮುಟ್ಟಬಾರದು, ಬಿಚ್ಚಬಾರದು, ಕಾರ್ಖಾನೆಯವರ ಕೆಲಸದ ಬಗ್ಗೆ ಅಭಿಪ್ರಾಯವನ್ನೂ ಹೇಳಬಾರದು. ಗಾಡಿಯ ಕೆಳಗೆ ಅರ್ಧ ನುಸುಳಿ ಏನನ್ನೋ ನೋಡುತ್ತಿದ್ದ ಅವರು ಹೊರಗೆ ಬಂದು, ಒಂದು ಕ್ಷಣ ಬಾಯಿ ತೆರೆದು, ಮುಚ್ಚಿದರು. "ಆಯ್ತು ಮಾರಾಯ್ರೆ" ಎಂದಷ್ಟೇ ಹೇಳಿ ಗ್ರೀಸ್ ಹಾಕಿದರು. ರಬ್ಬರ್ ಸ್ಟಾಂಪ್ ಅವರ ಬಳಿ ಇರಲಿಲ್ಲ. ಸಹಿ ಹಾಕಲು ಪೆನ್ನು ಹಿಡಿದರೆ ಪೆನ್ನು ಜಾರುತ್ತಿತ್ತು. ಕೊನೆಗೆ ಗ್ರೀಸಿನ ಹೆಬ್ಬೆಟ್ಟನ್ನೇ ಪುಸ್ತಕಕ್ಕೆ ಒತ್ತಿದರು. ವರ್ಷದಲ್ಲಿ ಅಂಥ ಹನ್ನೆರಡು ಹೆಬ್ಬೆಟ್ಟು ಸೇರಿದವು.

ಇನ್ನು ಕಪಾಟಿನ ವಿಷಯ. ಗ್ರಂಥಾಲಯಕ್ಕೆ ಒಂದು ಶಿಸ್ತಿದೆ. ಧರ್ಮ, ತತ್ವ, ಕಾನೂನು, ಕೃಷಿ, ನಿಘಂಟು ಎಲ್ಲ ಎಡಕ್ಕೆ. ಕತೆ, ಕಾದಂಬರಿ, ಮಕ್ಕಳ ಪುಸ್ತಕ ಬಲಕ್ಕೆ. ಹೊರಡುವಾಗ ಎರಡೂ ಕಡೆ ತುಂಬಿ ತುಳುಕುತ್ತಿದ್ದವು. ಆದರೆ ನಮ್ಮ ಓದುಗರು ಬಂದು ನಿಲ್ಲುತ್ತಿದ್ದುದು ಬಲಗಡೆಗೇ. ಈಸೂರಿನ ಗೌರಮ್ಮ ಎಂಬವರು ಎಲ್ಲರಿಗಿಂತ ಮುಂದೆ. ಸೆರಗಿಗೆ ಕೈ ಒರೆಸಿಕೊಂಡು, "ತಮ್ಮಾ, ಆ ಸೊಸೆ ತವರಿಗೆ ಹೋದ್ಲಲ್ಲ, ಆ ಕತೆದು ಎರಡನೇ ಭಾಗ ಎಲ್ಲೈತೆ?" ಎಂದು ಕೇಳುತ್ತ ಒಂದೇ ಸಲಕ್ಕೆ ನಾಲ್ಕು ಕಾದಂಬರಿ ಎತ್ತುತ್ತಿದ್ದರು. ಎರಡಕ್ಕಿಂತ ಹೆಚ್ಚು ಕೊಡುವಂತಿಲ್ಲ ಎಂದರೆ, "ಇನ್ನೆರಡು ನಮ್ಮ ಯಜಮಾನರ ಹೆಸರಿಗೆ ಬರಕೋ" ಎನ್ನುತ್ತಿದ್ದರು. ಯಜಮಾನರು ಪುಸ್ತಕ ಮುಟ್ಟಿದವರೇ ಅಲ್ಲ, ಆದರೆ ನನ್ನ ದಾಖಲೆಯಲ್ಲಿ ಈಸೂರಿನ ಅತಿ ದೊಡ್ಡ ಕಾದಂಬರಿ ಓದುಗ ಅವರೇ.

ಹೀಗೆ ಶನಿವಾರದ ಹೊತ್ತಿಗೆ ಬಲಗಡೆಯ ಕಪಾಟು ಬೋಳಾಗಿ, ಎಡಗಡೆಯಲ್ಲಿ ತತ್ವಶಾಸ್ತ್ರವೆಲ್ಲ ಇದ್ದಲ್ಲೇ ಕೂತಿರುತ್ತಿತ್ತು. "ಗಾಡಿ ಎಡಕ್ಕೆ ವಾಲ್ತಾ ಐತೆ ನೋಡ್ರಿ" ಎಂದು ರುದ್ರಪ್ಪನವರು ಹೇಳಿದಾಗ ನಾನು ದಾರ ಅಳೆದು "ಒಂದು ಬೆರಳು" ಎಂದು ಬರೆದೆ. ಮುಂದೆ ಒಂದೂವರೆಯಾಯಿತು. ಮಳೆಗಾಲ ಕಳೆಯುವಷ್ಟರಲ್ಲಿ ಎರಡು. ಮೂರು ಬೆರಳಾದ ದಿನ ಕೆಂಪು ಶಾಯಿಯಲ್ಲಿ ಬರೆದು ಅಡಿಗೆರೆ ಎಳೆದೆ. ಬರೆದ ಮೇಲೆ ಮನಸ್ಸು ಹಗುರವಾಗುತ್ತಿತ್ತು. ಮನಸ್ಸು ಹಗುರವಾದರೆ ಗಾಡಿಯೂ ಹಗುರವಾಯಿತೆಂದು ಭಾವಿಸುವವರಲ್ಲಿ ನಾನೂ ಒಬ್ಬ.

ಗ್ಯಾರಂಟಿ ಮುಗಿಯಲು ಹತ್ತೊಂಬತ್ತು ದಿನ ಇರುವಾಗ, ಒಂದು ಶನಿವಾರ, ಶಿರಾಳಕೊಪ್ಪ ದಾಟಿ ಸೊರಬಕ್ಕೆ ಹೋಗುತ್ತಿದ್ದಾಗ, ಹಿಂದಿನಿಂದ ಠಣ್ ಎಂದು ಸದ್ದಾಯಿತು. ಇಳಿದು ನೋಡಿದರೆ ಗಾಡಿ ಎಮ್ಮೆಯ ಹಾಗೆ ಎಡಮಗ್ಗುಲಾಗಿ ಕೂತಿತ್ತು. ಎಡಚಕ್ರದ ಮೇಲಿನ ಸ್ಪ್ರಿಂಗು, ಅಂದರೆ ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳ ಕಟ್ಟು, ಮುರಿದು ಹೋಗಿತ್ತು. ರುದ್ರಪ್ಪನವರು ಅಚ್ಚಿಗೂ ಚೌಕಟ್ಟಿಗೂ ನಡುವೆ ಮರದ ತುಂಡು ತುರುಕಿ, ಹಗ್ಗ ಬಿಗಿದು, ಕೊಂಡಿಯ ಸರಪಳಿಯನ್ನು ಎರಡು ಸಲ ನೋಡಿ, ಮನುಷ್ಯ ನಡೆಯುವ ವೇಗದಲ್ಲಿ ಸೊರಬಕ್ಕೆ ಎಳೆದರು. ನಾನು ಪಕ್ಕದಲ್ಲಿ ನಡೆದೇ ಹೋದೆ. ಕಲ್ಲು ಎಣಿಸುವುದು ಅಷ್ಟು ಸುಲಭವಾಗಿ ಯಾವತ್ತೂ ಆಗಿರಲಿಲ್ಲ.

ಬಾಷಾ ಸಾಬರು ಸ್ಪ್ರಿಂಗ್ ನೋಡುವ ಮೊದಲು ಬಾಗಿಲು ತೆರೆದು ಕಪಾಟು ನೋಡಿದರು.

"ಈ ಕಡೆದು ಯಾರೂ ಓದೋದಿಲ್ವಾ ಸಾರ್?"

"ಅಷ್ಟಾಗಿ ಇಲ್ಲ."

"ಎಂತ ಮಾರಾಯ್ರೆ, ಜನ ಒಂದು ಕಡೆ ಓದಿದ್ರೆ ಗಾಡಿ ಇನ್ನೊಂದು ಕಡೆ ಬೀಳ್ತದೆ. ಅರ್ಧ ದಿನ ಕೊಡಿ, ನಾನೇ ಪಟ್ಟಿ ಹಾಕ್ತೇನೆ."

ಕೊಡುವಂತಿರಲಿಲ್ಲ. ಅವರು ಬಿಚ್ಚಿದರೆ ಗ್ಯಾರಂಟಿ ಹೋಯಿತು. ಇಲಾಖೆಗೂ ಕಾರ್ಖಾನೆಗೂ ಬರೆದೆ. ಇಲಾಖೆಯ ಉತ್ತರ ಎರಡೇ ಸಾಲು: ಕಾರ್ಖಾನೆ ಗ್ಯಾರಂಟಿಯಲ್ಲಿ ಸರಿಮಾಡಿದರೆ ಸಂಚಾರಿ ಗ್ರಂಥಾಲಯ ಎರಡನೇ ವರ್ಷಕ್ಕೆ ಮುಂದುವರಿಯುವುದು, ಇಲ್ಲವಾದರೆ ಗಾಡಿಯನ್ನು ಹಿಂದಿರುಗಿಸತಕ್ಕದ್ದು. ಮಂಗಳವಾರ ಈಸೂರಿಗೆ ಗಾಡಿ ಹೋಗಲಿಲ್ಲ. ಬುಧವಾರ ಗೌರಮ್ಮ ಶಿಕಾರಿಪುರದ ಸಂತೆಗೆ ಬಂದವರು ನನ್ನನ್ನು ಹುಡುಕಿ ಹಿಡಿದರು. "ಸೊಸೆ ತಿರುಗಿ ಬಂದ್ಲೋ ಇಲ್ವೋ, ಅಷ್ಟು ಹೇಳಿಬಿಡು ತಮ್ಮಾ" ಎಂದರು. ನನಗೆ ಗೊತ್ತಿರಲಿಲ್ಲ. ನಾನು ಪುಸ್ತಕದ ಪುಟ ಎಣಿಸುತ್ತಿದ್ದೆ, ಓದುತ್ತಿರಲಿಲ್ಲ.

ಸ್ಪ್ರಿಂಗು ಮುರಿದ ಹದಿನಾರನೆಯ ದಿನಕ್ಕೆ ಹುಬ್ಬಳ್ಳಿ ಕಡೆಯಿಂದ ಕಾರ್ಖಾನೆಯ ಎಂಜಿನಿಯರು ಬರುತ್ತಾರೆಂದು ತಂತಿ ಬಂತು. ರುದ್ರಪ್ಪನವರು ನನ್ನನ್ನು ಪಕ್ಕಕ್ಕೆ ಕರೆದರು. "ಸಾರ್, ಬೆರಳು ಬೆರಳು ಅಂತ ಬರದೀರಲ್ಲ, ಆ ಹಾಳೆ ಹರದು ಒಲಿಗೆ ಹಾಕ್ರಿ. ಅದನ್ನ ನೋಡಿದ್ರೆ ಎಂಜಿನಿಯರು ತಪ್ಪು ನಮ್ದೇ ಅಂತಾನೆ." ಮಾತು ಸರಿಯಿತ್ತು. ಡೈರಿ ತೆರೆದು ಕೂತೆ. ಹರಿಯಲಾಗಲಿಲ್ಲ. ಇದನ್ನು ಪ್ರಾಮಾಣಿಕತೆ ಎಂದು ಹೇಳಿಕೊಂಡರೆ ಕೇಳಲು ಚೆನ್ನಾಗಿರುತ್ತದೆ, ಆದರೆ ನಿಜ ಅದಲ್ಲ. ಪುಟಗಳಿಗೆ ನಾನು ಕ್ರಮಸಂಖ್ಯೆ ಹಾಕಿದ್ದೆ. ನಡುವೆ ನಾಲ್ಕು ಸಂಖ್ಯೆ ಇಲ್ಲದ ಡೈರಿಯನ್ನು ಇಟ್ಟುಕೊಂಡು ನಾನು ಬದುಕುವುದು ಹೇಗೆ?

ಎಂಜಿನಿಯರು ಸೊರಬದ ಗ್ಯಾರೇಜಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಕಡಿಮೆ ಮಾತು. ಗ್ಯಾರಂಟಿ ಪುಸ್ತಕ ತಿರುವಿ, "ಇದೇನ್ರಿ, ಸರ್ವಿಸ್ ಮಾಡಿದವರ ಸಹಿ ಎಲ್ಲೈತಿ? ಬರೇ ಜಿಡ್ಡಿನ ಕಲೆ ಅದಾವಲ್ಲ" ಎಂದರು.

"ಗ್ರೀಸ್ ಹಾಕಿದ್ದಕ್ಕೆ ಗ್ರೀಸಿಗಿಂತ ಬೇರೆ ಸಾಕ್ಷಿ ಬೇಕಾ ಸಾಹೇಬ್ರೆ?" ಎಂದರು ಬಾಷಾ ಸಾಬರು.

ಎಂಜಿನಿಯರು ಹೆಬ್ಬೆಟ್ಟನ್ನು ಮೂಸಿ ನೋಡಿ, ಒಪ್ಪಿಕೊಂಡರು. ನಂತರ, ಹೊರಡುವ ಮುಂಚೆ ಗಾಡಿ ನೋಡಿದ್ದರ ದಾಖಲೆಗೆಂದು, ನನ್ನ ಕೈಯಲ್ಲಿದ್ದ ಡೈರಿ ಕೇಳಿದರು. ಪುಟ ತಿರುವಿದಂತೆ ಅವರ ಹುಬ್ಬು ಮೇಲೇರಿತು. "ಒಂದು ಬೆರಳು, ಎರಡು ಬೆರಳು, ಮೂರು. ಕೆಂಪು ಶಾಯಿ ಬ್ಯಾರೆ. ತಿಂಗಳುಗಟ್ಟಲೆ ವಾಲೂದನ್ನ ನೋಡಿ ನೋಡಿ ಬರದೀರಿ. ಭಾರ ಸಮ ಮಾಡಬೇಕು ಅಂತ ಅನಸಲಿಲ್ಲೇನ್ರಿ?"

"ಬರೆಯುವುದನ್ನು ಮಾತ್ರ ತಪ್ಪಿಸಲಿಲ್ಲ" ಎಂದೆ.

"ಭಾರ ಒಂದೇ ಕಡೆ ಹಾಕಿದ್ರ ಗ್ಯಾರಂಟಿ ನಡಿಯೂದಿಲ್ಲ" ಎಂದು ಅವರು ಪೆನ್ನು ತೆಗೆದರು. ಶಿವಮೊಗ್ಗದ ಹಿತ್ತಲು ನನ್ನ ಕಣ್ಣೆದುರು ಬಂತು.

ಆಗ ಬಾಷಾ ಸಾಬರು ಕೆಮ್ಮಿದರು. "ಸಾರ್, ಗ್ಯಾರಂಟಿ ಹೋಯ್ತು ಅಂದ್ರೆ ಈಗ ನಾನು ಮಾತಾಡಬಹುದಾ?"

"ಮಾತಾಡಿ ಬಾಷಾ ಸಾಬರೇ."

"ಬಲಗಡೆ ಸ್ಪ್ರಿಂಗಿನಲ್ಲಿ ಆರು ಪಟ್ಟಿ ಇದೆ. ಎಡಗಡೆ ಐದೇ."

ಎಂಜಿನಿಯರು ಇಸ್ತ್ರಿ ಅಂಗಿ ಮರೆತು ಗಾಡಿಯ ಕೆಳಗೆ ನುಸುಳಿದರು. ಹೊರಗೆ ಬಂದಾಗ ಬೆನ್ನೆಲ್ಲ ಕೆಂಪು ಮಣ್ಣು. ಮುರಿದ ತುಂಡುಗಳನ್ನು ಸೇರಿಸಿ ಎಣಿಸಿದರೂ ಐದೇ ಇತ್ತು. ನಾನು ಬಾಷಾ ಸಾಬರ ಕಡೆ ತಿರುಗಿ, "ಇಷ್ಟು ದಿನ ಯಾಕೆ ಹೇಳಲಿಲ್ಲ?" ಎಂದೆ.

"ನೀವೇ ಹೇಳಿದ್ರಲ್ಲ ಸಾರ್, ಗ್ರೀಸ್ ಮಾತ್ರ ಹಾಕಿ, ಅಭಿಪ್ರಾಯ ಬೇಡ ಅಂತ. ಮೊದಲನೇ ದಿನವೇ ನೋಡಿದ್ದೆ. ದೊಡ್ಡ ಕಾರ್ಖಾನೆ, ಲೆಕ್ಕ ಮಾಡಿಯೇ ಹಾಕಿರ್ತಾರೆ ಅಂದ್ಕೊಂಡು ಸುಮ್ಮನಾದೆ."

ರುದ್ರಪ್ಪನವರು ನನ್ನ ಮುಖ ನೋಡಲಿಲ್ಲ. ನಗು ತಡೆಯಲು ಅವರಿಗೆ ಬೇರೆ ದಾರಿ ಇರಲಿಲ್ಲ.

ಎಂಜಿನಿಯರು ಮಣ್ಣು ಕೊಡವಿಕೊಂಡು ಹೊಸ ವಾದ ಹಿಡಿದರು. "ನಮ್ಮ ಕಾರ್ಖಾನ್ಯಾಗ ಐದು ಹಾಕೂದಿಲ್ಲ. ನಿಮ್ಮ ಮೆಕ್ಯಾನಿಕ್ಕೇ ಒಂದು ಪಟ್ಟಿ ತಗದಿರಬೇಕು."

ಬಾಷಾ ಸಾಬರ ಮುಖ ಕಪ್ಪಿಟ್ಟಿತು. ಜೋರು ಮಾಡುವವರಲ್ಲ ಅವರು. ಕೈಯೊರೆಸುವ ಬಟ್ಟೆಯನ್ನು ಮಡಿಸಿದರು, ಮತ್ತೆ ಬಿಚ್ಚಿದರು. "ನಮ್ಮಪ್ಪನ ಕಾಲದಿಂದ ಈ ಜಾಗದಲ್ಲಿ ಇದ್ದೇವೆ ಸಾಹೇಬ್ರೆ. ಇಂಥ ಮಾತು ಯಾರೂ ಆಡಿಲ್ಲ" ಎಂದರು, ಅಷ್ಟೇ.

ನೌಕರಿಯ ಯೋಚನೆ ನನ್ನ ತಲೆಯಿಂದ ಹೋಯಿತು. ನನ್ನ ಭಾಷಣಕ್ಕೆ ಬೆಲೆ ಕೊಟ್ಟು ಬಾಯಿ ಮುಚ್ಚಿಕೊಂಡಿದ್ದ ಮನುಷ್ಯ ಈಗ ನನ್ನ ದೆಸೆಯಿಂದಲೇ ಕಳ್ಳನಾಗುತ್ತಿದ್ದ. ಡೈರಿಯನ್ನು ಕಿತ್ತುಕೊಂಡು ಮೊದಲನೆಯ ಪುಟ ತೆರೆದೆ. ಗಾಡಿ ನಮಗೆ ಒಪ್ಪಿಸಿದ ದಿನದ್ದು. ಶಿವಮೊಗ್ಗದ ಕಚೇರಿಯ ಅಂಗಳ, ಸಿಮೆಂಟಿನ ಮಟ್ಟಸ ನೆಲ, ಒಪ್ಪಿಸಲು ಬಂದಿದ್ದ ಕಾರ್ಖಾನೆಯವರ ಸಹಿಯನ್ನೂ ಅದೇ ಪುಟದಲ್ಲಿ ಹಾಕಿಸಿಕೊಂಡಿದ್ದೆ. ಅವರು ನಗುತ್ತಲೇ ಹಾಕಿದ್ದರು. ಸಹಿಯ ಮೇಲಿನ ಸಾಲು ಹೀಗಿತ್ತು: "ಕಪಾಟು ಖಾಲಿ. ಪುಸ್ತಕ ಇನ್ನೂ ತುಂಬಿಲ್ಲ. ದಾರ: ಎಡಕ್ಕೆ ಅರ್ಧ ಬೆರಳು."

ಎಂಜಿನಿಯರು ಅದನ್ನು ಎರಡು ಸಲ ಓದಿದರು. ಸಹಿಯನ್ನು ಗುರುತಿಸಿದರು ಎಂಬುದು ಮುಖ ನೋಡಿದರೆ ತಿಳಿಯುತ್ತಿತ್ತು. ಬಾಷಾ ಸಾಬರ ಕಡೆ ತಿರುಗಿ, "ತಪ್ಪು ತಿಳೀಬ್ಯಾಡ್ರಿ" ಎಂದರು. ಬಾಷಾ ಸಾಬರು ಟೀ ತರಿಸಿದರು. ಅದರರ್ಥ ಸೊರಬದವರಿಗೆಲ್ಲ ಗೊತ್ತು.

ಆರು ಪಟ್ಟಿಯ ಹೊಸ ಸ್ಪ್ರಿಂಗು ಗ್ಯಾರಂಟಿ ಮುಗಿಯಲು ಒಂದು ದಿನ ಇರುವಾಗ ಬಸ್ಸಿನಲ್ಲಿ ಬಂತು. ಬಾಷಾ ಸಾಬರೇ ಹಾಕಬೇಕೆಂದು ಕಾರ್ಖಾನೆಯವರು ಬರೆದುಕೊಟ್ಟಿದ್ದರು. ಎಂಜಿನಿಯರು ಹೋಗುವ ಮುನ್ನ ನನಗೂ ಒಂದು ಮಾತು ಹೇಳಿದ್ದರು: "ಪಟ್ಟಿ ಆರಾದ್ರೂ ಭಾರ ಸಮ ಇರಲಿ." ಹಾಗಾಗಿ ಗ್ರಂಥಾಲಯದ ಶಿಸ್ತನ್ನು ಮುರಿದೆ. ಈಗ ಪುಸ್ತಕಗಳು ತೂಕದ ಪ್ರಕಾರ ಕೂರುತ್ತವೆ: ಪ್ರತಿ ದಪ್ಪ ಪುಸ್ತಕದ ಪಕ್ಕ ಎರಡು ಕಾದಂಬರಿ, ಎರಡೂ ಕಡೆ. ಗ್ರಂಥಪಾಲಕರು ಯಾರಾದರೂ ನೋಡಿದರೆ ನನ್ನ ನೌಕರಿ ಹೋದೀತು. ಆದರೆ ಕಾದಂಬರಿಗೆ ಕೈ ಹಾಕಿದವರ ಕಣ್ಣು ಪಕ್ಕದ್ದರ ಮೇಲೂ ಬೀಳುತ್ತದೆ. ಹೋದ ಮಂಗಳವಾರ ಗೌರಮ್ಮ ಎರಡನೇ ಭಾಗದ ಜೊತೆಗೆ ಗೇಣಿದಾರರ ಅರ್ಜಿಯ ಬಗ್ಗೆ ಇದ್ದ ಕಾನೂನಿನ ಪುಸ್ತಕವನ್ನೂ ಎತ್ತಿಕೊಂಡರು. "ಇದನ್ನ ಯಜಮಾನರ ಹೆಸರಿಗೆ ಬರಕೋ. ಈ ಸಲ ಅವ್ರೇ ಓದ್ತಾರಂತೆ" ಎಂದರು. ಸೊಸೆ ತಿರುಗಿ ಬಂದಳಂತೆ. ಅದನ್ನೂ ಅವರಿಂದಲೇ ತಿಳಿದುಕೊಂಡೆ.

ಎರಡನೇ ವರ್ಷ ಶುರುವಾಗಿದೆ. ದಾರ ಗುರುತಿನ ಮೇಲೇ ನಿಲ್ಲುತ್ತದೆ. ಪ್ರತಿ ಬೆಳಿಗ್ಗೆ ಹೊರಡುವ ಮುಂಚೆ ನಾನು ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು, ಎಡ ಆರು, ಬಲ ಆರು ಎಂದು ಎಣಿಸಿ ಬರೆಯುತ್ತೇನೆ. ಹೋಳಿಗೆ ಎಣಿಸಿದೆ, ಕಲ್ಲು ಎಣಿಸಿದೆ, ಇಲ್ಲದ ಕಲ್ಲನ್ನೂ ಎಣಿಸಿದೆ. ಒಂದು ವರ್ಷ ಕಣ್ಣೆದುರೇ ಇದ್ದ ಪಟ್ಟಿಗಳನ್ನು ಎಣಿಸಿರಲಿಲ್ಲ. ಇನ್ನು ಆ ತಪ್ಪು ಆಗದು ಎಂದು ನಿನ್ನೆ ರುದ್ರಪ್ಪನವರಿಗೆ ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ.

"ಒಳ್ಳೇದಾತು ಸಾರ್" ಎಂದರು ಅವರು, ಸ್ಟೀರಿಂಗ್ ಮೇಲೆ ಕೈಯಿಟ್ಟು. "ಮುಂದೆ ಎಳೆಯೋ ಜೀಪಿಂದು ಪಟ್ಟಿ ಎಣಿಸೀರೇನು?"

ಡೈರಿ ಹಿಡಿದುಕೊಂಡು ಜೀಪಿನ ಕಡೆ ನೋಡಿದೆ. ಅದರ ಗ್ಯಾರಂಟಿ ಮುಗಿದು ಹದಿನೇಳು ವರ್ಷವಾಗಿದೆ. ಪೆನ್ನಿನ ಮುಚ್ಚಳ ಹಾಕಿ, ಜೀಪ್ ಹತ್ತಿ, ಮೊದಲನೇ ಕಲ್ಲಿಗಾಗಿ ಕಾಯುತ್ತ ಕೂತೆ.