ಮಹಾಶಯರು ಓದದೇ ಬಿಟ್ಟ ಮೊದಲ ಪುಟ

ಕೈಪಿಡಿಯ ಮೊದಲ ಪುಟವನ್ನು ಓದುವವರು ಶುದ್ಧ ಕೆಲಸವಿಲ್ಲದವರು ಎಂಬುದರಲ್ಲಿ ಮಹಾಶಯರಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಅನುಮಾನವಿರಲು ಕಾರಣವೂ ಇಲ್ಲ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆಗಳ ಡಬ್ಬದೊಳಗೆ ಮಡಚಿಕೊಂಡು ಬರುವ ಕೈಪಿಡಿಗಳನ್ನು ಹದಿನೆಂಟು ವರ್ಷದಿಂದ ಬರೆಯುತ್ತಿರುವವರು ಅವರೇ. ‘ಒದ್ದೆ ಕೈಯಲ್ಲಿ ಮುಟ್ಟಬೇಡಿ’, ‘ತಿರುಗುವ ಬ್ಲೇಡಿಗೆ ಬೆರಳು ಕೊಡಬೇಡಿ’, ‘ಇಸ್ತ್ರಿಪೆಟ್ಟಿಗೆಯನ್ನು ತಲೆದಿಂಬಾಗಿ ಬಳಸಬೇಡಿ’ ಎಂಬ ಮೊದಲ ಪುಟದ ಅಮರ ವಾಕ್ಯಗಳೆಲ್ಲ ಅವರವೇ. (ಕೊನೆಯದನ್ನು ಬರೆದ ದಿನ ಪುಟದಲ್ಲಿ ಒಂದು ಸಾಲು ಜಾಗ ಉಳಿದಿತ್ತು, ಅಷ್ಟೆ.) ಇಷ್ಟು ಗಾಂಭೀರ್ಯ ಹೊತ್ತು ತಿರುಗುವುದರಿಂದಲೇ ಆಫೀಸಿನವರು ಅವರಿಗೆ ‘ಮಹಾಶಯ’ ಎಂದು ಹೆಸರಿಟ್ಟದ್ದು. ಮನೆಯವರೂ ತಕರಾರಿಲ್ಲದೆ ಒಪ್ಪಿಕೊಂಡಿದ್ದರು.

ಇಂಥ ಮಹಾಶಯರ ಕಣ್ಣು ಒಂದು ದಿನ ಹೆಂಡತಿಯ ಕೈಯಲ್ಲಿದ್ದ ಗೇಮ್ ಯಂತ್ರದ ಮೇಲೆ ಬಿತ್ತು.

ಆಕೆಗೆ ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್ನಿನಲ್ಲಿ ಕೆಲಸ. ದಿನವಿಡೀ ಒಳಗಿನಿಂದ ಬರುವ ‘ಆ... ಆ...’ ಕೇಳಿ ಕೇಳಿ ಮನೆಗೆ ಬಂದರೆ, ಅರ್ಧ ಗಂಟೆ ಆ ಪುಟ್ಟ ಯಂತ್ರ ಹಿಡಿದು ಕೂರುವುದೇ ವಿಶ್ರಾಂತಿ. ಅದರೊಳಗೆ ಆಕೆ ಮೂರು ವರ್ಷದಿಂದ ಒಂದು ಹಳ್ಳಿ ಕಟ್ಟಿದ್ದಳು. ಹೊಳೆ, ಸೇತುವೆ, ಕುಂಬಳದ ತೋಟ, ಹನ್ನೊಂದು ಬಾತುಕೋಳಿ. ಪಕ್ಕದಲ್ಲಿ ಆಕೆಯ ತಾಯಿ ಬಟಾಣಿ ಬಿಡಿಸುತ್ತ ಕೂತು, ಆ ಹಳ್ಳಿಯ ಸಮಾಚಾರವನ್ನು ಪಕ್ಕದ ಬೀದಿಯದೇನೋ ಎಂಬಂತೆ ವಿಚಾರಿಸುತ್ತಿದ್ದರು.

“ಅಷ್ಟು ಸಾಮರ್ಥ್ಯ ಇರೋ ಯಂತ್ರದಲ್ಲಿ ಕುಂಬಳಕಾಯಿಗೆ ನೀರು ಹಾಕ್ತಾ ಕೂರೋದಾ?” ಎಂದರು ಮಹಾಶಯರು.

“ಹೊರಗಿನ ಗಿಡಕ್ಕೆ ನೀವು ಹಾಕಲ್ಲ. ಒಳಗಿಂದಕ್ಕಾದ್ರೂ ನಾನು ಹಾಕ್ತೀನಿ ಬಿಡಿ.”

ಮಹಾಶಯರು ಕೇಳಿಸದವರಂತೆ ಉಪನ್ಯಾಸಕ್ಕೆ ಇಳಿದರು. ಹೋಂಬ್ರೂ ಎಂಬುದೊಂದಿದೆ, ಕಂಪನಿಯವರಲ್ಲದ ಹವ್ಯಾಸಿಗಳು ತಾವೇ ಬರೆದು ಪುಕ್ಕಟೆ ಹಂಚುವ ತಂತ್ರಾಂಶ, ಅದನ್ನು ಹಾಕಿದರೆ ಈ ಯಂತ್ರದಲ್ಲಿ ಚದುರಂಗ ಆಡಬಹುದು. “ದಿನಸಿ ಪಟ್ಟಿ ಬರೆಯೋ ಸೌಲಭ್ಯವೂ ಇದೆ, ನಿನಗೋಸ್ಕರ.”

“ನೀವು ಪಟ್ಟಿ ಮನೇಲೇ ಮರೆತು ಹೋಗೋದಕ್ಕೆ ಕಾಗದವೇ ಸಾಕು ರೀ. ನನ್ನ ಹಳ್ಳಿಗೆ ಏನೂ ಆಗಲ್ಲ ತಾನೆ?”

“ಯಾರ ಹತ್ರ ಮಾತಾಡ್ತಿದ್ದೀಯ ಗೊತ್ತಾ?”

“ಗೊತ್ತು. ಅದಕ್ಕೇ ಕೇಳಿದ್ದು.”

ಶುಕ್ರವಾರ ಮಹಾಶಯರು ಹೋಂಬ್ರೂ ಹಾಕುವ ವಿಧಾನವನ್ನು ಒಂಬತ್ತು ಪುಟ ಪ್ರಿಂಟ್ ಮಾಡಿಸಿ ತಂದರು. ಶನಿವಾರ ಬೆಳಿಗ್ಗೆ ಹೆಂಡತಿ ಕೆಲಸಕ್ಕೆ ಹೊರಟ ಮೇಲೆ ಮೇಜು ಒರೆಸಿ, ಕನ್ನಡಕ ಒರೆಸಿ, ಶಸ್ತ್ರಚಿಕಿತ್ಸೆಗೆ ಕೂತರು. ಮೊದಲ ಪುಟವನ್ನು ಎತ್ತಿ ಕಾಫಿ ಲೋಟದ ಕೆಳಗಿಟ್ಟರು. ಎರಡನೇ ಪುಟ ಹೇಳಿತು: ಯಂತ್ರದ ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಫಾರ್ಮ್ಯಾಟ್ ಮಾಡಿ. ಕಂಪ್ಯೂಟರ್ ಕೇಳಿತು: ಎಲ್ಲವೂ ಅಳಿಸಿಹೋಗುತ್ತದೆ, ಖಚಿತವೇ? ಮಹಾಶಯರಿಗೆ ನಗು ಬಂತು. ಇದನ್ನು ಬರೆದವನೂ ತನ್ನಂಥ ಒಬ್ಬ ವೃತ್ತಿಬಾಂಧವ, ಪಾಪ, ಜಾಗ ತುಂಬಿಸಿದ್ದಾನೆ! ‘ಹೌದು’ ಒತ್ತಿದರು.

ಮೊದಲ ಸಲ ಯಂತ್ರ ಕಪ್ಪು ಪರದೆ ತೋರಿಸಿತು. ಫೈಲುಗಳನ್ನು ಒಂದು ಫೋಲ್ಡರಿನೊಳಗಿನ ಇನ್ನೊಂದು ಫೋಲ್ಡರಿನಲ್ಲಿ ಬಚ್ಚಿಟ್ಟದ್ದು ಆಮೇಲೆ ಗೊತ್ತಾಯಿತು. ಮೂರನೇ ಸಲಕ್ಕೆ ಚದುರಂಗದ ಹಾಸು ಮೂಡಿತು. ಮಹಾಶಯರು ಹನ್ನೊಂದು ನಡೆಯಲ್ಲಿ ಸೋತು, ಯಂತ್ರ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ತೀರ್ಮಾನಿಸಿದರು.

“ಅಳಿಯಂದಿರೇ, ನಿಮ್ಮದು ಮುಗೀತಾ? ಬಾತುಕೋಳಿ ಮೊಟ್ಟೆ ಇಟ್ಟಿದೆಯಾ ನೋಡಿ. ನಿನ್ನೆ ಕಾವಿಗೆ ಜಾಗ ಹುಡುಕ್ತಿತ್ತು” ಎಂದರು ಅತ್ತೆ.

ಮಹಾಶಯರು ಉದಾರವಾಗಿ ಹಳ್ಳಿಯ ಆಟ ತೆರೆದರು. ಬಟ್ಟಬಯಲು. ಒಂದು ಹುಲ್ಲುಕಡ್ಡಿ ಇಲ್ಲ. ನಡುವೆ ಒಂದು ಪ್ರಶ್ನೆ: ‘ಹೊಸ ಹಳ್ಳಿ ಆರಂಭಿಸುವಿರಾ?’

ತಟ್ಟನೆ ಲೋಟ ಎತ್ತಿದರು. ಕಾಫಿಯ ಕಂದು ಉಂಗುರದ ನಡುವೆ ಅಚ್ಚುಕಟ್ಟಾಗಿ ಅಚ್ಚಾಗಿತ್ತು: ‘ಆರಂಭಿಸುವ ಮುನ್ನ ಕಾರ್ಡಿನಲ್ಲಿರುವುದನ್ನೆಲ್ಲ ಕಂಪ್ಯೂಟರಿಗೆ ನಕಲು ಮಾಡಿಟ್ಟುಕೊಳ್ಳಿ. ತಪ್ಪಿದರೆ ನೀವು ಆಡಿ ಉಳಿಸಿದ್ದು ಮರಳಿ ಸಿಗುವುದಿಲ್ಲ.’ ಎಷ್ಟು ಸ್ಪಷ್ಟವಾದ ವಾಕ್ಯ! ತಾವೇ ಬರೆದಿದ್ದರೂ ಇದಕ್ಕಿಂತ ಚೆನ್ನಾಗಿ ಬರೆಯುತ್ತಿರಲಿಲ್ಲ.

ಹೆಂಡತಿ ಬರಲು ಒಂದು ಗಂಟೆ ಇತ್ತು. ಮೂರು ವರ್ಷದ ಹಳ್ಳಿಯನ್ನು ಒಂದು ಗಂಟೆಯಲ್ಲಿ ಕಟ್ಟಲು ಮಹಾಶಯರು ಟೊಂಕ ಕಟ್ಟಿದರು.

“ಸೇತುವೆ ಆ ಕಡೆ ಅಲ್ಲ, ಈ ಕಡೆ” ಎಂದು ಅತ್ತೆ ಮಾರ್ಗದರ್ಶನ ಮಾಡಿದರು.

“ಹೊಳೆಯೇ ಇಲ್ಲ ಅತ್ತೆ, ಸೇತುವೆ ಎಲ್ಲಿಂದ ತರಲಿ?”

ಬಾಗಿಲು ತೆರೆದು ಹೆಂಡತಿ ಒಳಬಂದಾಗ ಅವರು ಪರದೆಯಲ್ಲಿ ಮೂರು ಗುಂಡಿ ತೋಡಿ, ಅವುಗಳಲ್ಲಿ ಒಂದಕ್ಕೆ ತಾವೇ ಬಿದ್ದಿದ್ದರು. “ನಿನ್ನ ಹಳ್ಳಿ... ನಾನು... ಅಳಿಸಿಬಿಟ್ಟೆ ಕಣೆ. ತಪ್ಪಾಯ್ತು.”

ಮದುವೆಯಾದಂದಿನಿಂದ ಅವರು ಆಡಿದ ಅತಿ ಚಿಕ್ಕ ಭಾಷಣ ಅದು. ಹೆಂಡತಿ ಚೀಲ ಇಟ್ಟು, ಕೈ ತೊಳೆದು ಬಂದು, ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ತೆರೆದಳು. “ನಿನ್ನೆಯೇ ನಕಲು ಮಾಡಿಟ್ಟಿದ್ದೆ.”

“ಯಾವಾಗ?”

“ನೀವು ಪ್ರಿಂಟ್ ತಂದಿಟ್ಟು ಸ್ನಾನಕ್ಕೆ ಹೋದಾಗ. ಮೊದಲ ಪುಟ ಓದಿದೆ. ನೀವು ಬರೆಯೋ ಮೊದಲ ಪುಟಗಳನ್ನೂ ಓದ್ತೀನಿ ರೀ, ಎಲ್ಲಾನೂ. ಇಸ್ತ್ರಿಪೆಟ್ಟಿಗೆ ತಲೆದಿಂಬು ಓದಿ ಎಷ್ಟು ನಕ್ಕಿದ್ದೆ ಗೊತ್ತಾ?”

ಮಹಾಶಯರು ಕಾಫಿ ಕಲೆಯ ಪುಟವನ್ನು ಅಂಗೈಯಿಂದ ಸವರಿ ನೇರ ಮಾಡಿದರು. ತಮ್ಮ ಮೊದಲ ಪುಟಕ್ಕೆ ಜಗತ್ತಿನಲ್ಲಿ ಓದುಗಿಯೊಬ್ಬಳಿದ್ದಾಳೆ!

ಹಳ್ಳಿ ಮರಳಿತು. ಪಕ್ಕದಲ್ಲಿ ಚದುರಂಗಕ್ಕೂ ಆಕೆ ಜಾಗ ಕೊಟ್ಟಳು. ಕೃತಜ್ಞತೆಯಿಂದ ಮಹಾಶಯರು ಮೊದಲ ಬಾರಿ ಆ ಹಳ್ಳಿಯನ್ನು ಗಮನವಿಟ್ಟು ನೋಡಿದರು. ಕುಂಬಳದ ತೋಟದ ಪಕ್ಕ ಬೇಲಿಯೊಳಗೆ ಗಡ್ಡದ ಮೇಕೆಯೊಂದು ಎಲ್ಲ ಬಲ್ಲವರಂತೆ ತಲೆಯಾಡಿಸುತ್ತಿತ್ತು. ತಲೆಯ ಮೇಲೆ ಹೆಸರು: ಮಹಾಶಯ.

“ಇದೇನಿದು?”

ಹೆಂಡತಿ ಅಡುಗೆಮನೆಯಲ್ಲಿ ಏನೋ ಕೆಲಸ ನೆನಪಾಗಿ ಎದ್ದುಹೋದಳು. ಮಹಾಶಯರಿಗೆ ಅಭಿಮಾನಭಂಗವಾಯಿತು. ತಮ್ಮ ಹೆಸರಿನ ಪ್ರಾಣಿ ಬಂಧನದಲ್ಲಿರುವುದೇ? ಬೇಲಿಯ ಬಾಗಿಲ ಪಕ್ಕ ಒಂದು ಬೋರ್ಡಿತ್ತು; ಬೋರ್ಡು ಎಂದಮೇಲೆ ಏನೋ ಜಾಗ ತುಂಬಿಸಲು ಬರೆದಿರುತ್ತಾರೆ. ಅವರು ಬಾಗಿಲು ತೆರೆದೇಬಿಟ್ಟರು. ಮೇಕೆ ಗಾಂಭೀರ್ಯದಿಂದ ಹೊರನಡೆದು ಕುಂಬಳದ ಬಳ್ಳಿಯನ್ನು ಬುಡದಿಂದ ಮೇಯತೊಡಗಿತು.

“ಅಳಿಯಂದಿರೇ,” ಬಟಾಣಿಯಿಂದ ತಲೆಯೆತ್ತದೆ ಅತ್ತೆ ಕೇಳಿದರು, “ಬೋರ್ಡು ಓದಿದ್ರಾ?”