ಮೂಕಿಚಿತ್ರ ಮತ್ತು ನಾಲ್ಕನೆಯ ಮೊಳೆ

ಹೆಂಡತಿಯನ್ನು ಇವತ್ತು ನಗಿಸಿಯೇ ತೀರುತ್ತೇನೆಂದು ಭಾನುವಾರ ಬೆಳಿಗ್ಗೆ ಹಲ್ಲುಜ್ಜುತ್ತಾ ತಕ್ಕಡಿಯವರು ಘೋರ ಪ್ರತಿಜ್ಞೆ ಮಾಡಿದರು. ಅದೂ ಎಂಥ ನಗು? ಬಾಯಿತುಂಬ, ಕನಿಷ್ಠ ಮೂರು ಸೆಕೆಂಡು ಬಾಳುವ ನಗು!

ಔಷಧ ಪರೀಕ್ಷೆಯ ಪ್ರಯೋಗಾಲಯದಲ್ಲಿ ಮಾತ್ರೆ ತೂಗುವುದು ಅವರ ಕೆಲಸ. ಕೂದಲೆಳೆಯಷ್ಟು ತೂಕ ಹೆಚ್ಚುಕಡಿಮೆಯಾದರೂ ಇಡೀ ಪೆಟ್ಟಿಗೆಯನ್ನೇ ವಾಪಸು ಕಳಿಸುತ್ತಿದ್ದರಿಂದ ಜೊತೆಯವರು ಇಟ್ಟ ಹೆಸರು ತಕ್ಕಡಿ. ಹೆಸರು ಆಫೀಸಿನಲ್ಲೇ ಉಳಿಯಿತು. ತೂಗುವ ಚಾಳಿ ಮಾತ್ರ ದಿನಾ ಸಂಜೆ ಅವರ ಹಿಂದೆಯೇ ಮನೆಗೆ ಬರುತ್ತಿತ್ತು.

ಹನ್ನೊಂದು ದಿನಗಳ ಹಿಂದೆ ಭಾವಮೈದುನನ ಮನೆಯಲ್ಲಿ ಊಟಕ್ಕೆ ಕೂತಿದ್ದರು. ಹೆಂಡತಿ ಹಲ್ಲಿನ ಡಾಕ್ಟರು. ಹಲ್ಲು ಕೀಳಿಸಿಕೊಂಡವನೊಬ್ಬ ಕುತ್ತಿಗೆಗೆ ಕಟ್ಟಿದ ಹಸಿರು ಬಟ್ಟೆ ಬಿಚ್ಚುವುದನ್ನೇ ಮರೆತು, ಹಾಗೇ ಬಸ್ಸು ಹತ್ತಿ, ಆಫೀಸಿನಲ್ಲಿ ಭಾಷಣವನ್ನೂ ಮಾಡಿದ ಪ್ರಸಂಗವನ್ನು ಆಕೆ ರಸವತ್ತಾಗಿ ಹೇಳುತ್ತಿದ್ದಳು. ಎಲ್ಲರೂ ನಗಲು ಬಾಯಿ ತೆರೆದರು. ಸರಿಯಾಗಿ ಆಗಲೇ, ಮನೆಯಲ್ಲಿ ಇದನ್ನು ಮೊದಲೇ ಕೇಳಿದ್ದ ತಕ್ಕಡಿಯವರು, "ಬಸ್ಸಲ್ಲ, ರೈಲು. ಬಟ್ಟೆ ಹಸಿರಲ್ಲ, ನೀಲಿ" ಅಂದರು. ತೆರೆದ ಬಾಯಿಗಳೆಲ್ಲ ಹಾಗೇ ಮುಚ್ಚಿಕೊಂಡವು. ಗಂಡನ ಮಟ್ಟಿಗೆ ಹೆಂಡತಿಯ ಬಾಯಿ ಆಮೇಲೆ ತೆರೆಯಲೇ ಇಲ್ಲ.

ಅಂದಿನಿಂದ ಸಂಸಾರ ನಡೆಯುತ್ತಿದ್ದದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ. 'ಹಾಲು ಮುಗಿದಿದೆ.' 'ಭಾನುವಾರ ಅಪ್ಪ ಅಮ್ಮ ಬರುತ್ತಾರೆ.' ಆ ಚೀಟಿಗಳನ್ನು ನೋಡನೋಡುತ್ತಲೇ ಅವರಿಗೆ ಉಪಾಯ ಹೊಳೆದದ್ದು. ಮೂಕಿಚಿತ್ರ! ನೂರು ವರ್ಷ ಹಳೆಯ ಪ್ರೇಮಹಾಸ್ಯ. ಟೋಪಿ ಅಂಗಡಿಯ ಹುಡುಗಿಗೆ ಮನಸೋತ ಕಿಟಕಿ ಒರೆಸುವವನೊಬ್ಬ, ಅವಳನ್ನು ನೋಡಲೆಂದೇ ಒಂದೇ ಗಾಜನ್ನು ದಿನಕ್ಕೆ ಏಳು ಸಲ ಒರೆಸುತ್ತಾನೆ. ಮಾತಿಲ್ಲ, ನಡುನಡುವೆ ಅಕ್ಷರದ ಫಲಕ ಅಷ್ಟೇ. ನೂರು ವರ್ಷದಿಂದ ನಗಿಸುತ್ತಿರುವುದು ಈ ಸಂಜೆಯೂ ನಗಿಸಲೇಬೇಕೆಂಬುದು ತಕ್ಕಡಿಯವರ ಸಿದ್ಧಾಂತ.

ಪ್ರಯೋಗಾಲಯದಿಂದ ಪ್ರೊಜೆಕ್ಟರ್ ಬಂತು. ಬಿಳಿ ಹೊದಿಕೆಯೇ ಪರದೆ. ಸ್ಕೇಲು ಹಿಡಿದು ಸಮಾನ ಅಂತರದಲ್ಲಿ ಗುರುತು ಹಾಕಿ, ಹಜಾರದ ಗೋಡೆಗೆ ನಾಲ್ಕು ಮೊಳೆ ಹೊಡೆದರು. ಮೂರು ಮೊಳೆಗಳು ಬೆವರಿಳಿಸಿದವು. ಬಲತುದಿಯ ನಾಲ್ಕನೆಯದು ಮಾತ್ರ ಒಂದು ಹಂತದ ಮೇಲೆ ಬೆಣ್ಣೆಯೊಳಗೆ ಇಳಿದಂತೆ ಇಳಿಯಿತು. ಗೋಡೆಯೂ ತಮ್ಮ ಪಕ್ಷ ಎಂದು ತಕ್ಕಡಿಯವರು ಹಿಗ್ಗಿದರು. ಗೋಡೆಯಾಚೆ ಬಚ್ಚಲುಮನೆ ಇದೆ ಎಂಬುದು ಆ ಹಿಗ್ಗಿನಲ್ಲಿ ನೆನಪಾಗಲಿಲ್ಲ.

ಸಂಜೆ ಆರಕ್ಕೆ ಪ್ರದರ್ಶನ ಶುರು. ಹೆಂಡತಿ ಸೋಫಾದ ಒಂದು ತುದಿಯಲ್ಲಿ, ಕೈಕಟ್ಟಿ. ಇನ್ನೊಂದು ತುದಿಯಲ್ಲಿ ಅತ್ತೆ. ನಡುವೆ ಮಾವ, ಅವರ ಕಿವಿ ಮಂದ, ಕಿವಿಯ ಯಂತ್ರವನ್ನು ಊರಲ್ಲೇ ಬಿಟ್ಟು ಬಂದಿದ್ದರು. ತಕ್ಕಡಿಯವರು ಹಿಂದಿನ ಕುರ್ಚಿಯಲ್ಲಿ, ನಗು ಎಣಿಸಲು ಪುಸ್ತಕ ಬಿಚ್ಚಿಕೊಂಡು.

"ಅಲ್ಲಾ ಅಳಿಯಂದಿರೇ, ಇವನಿಗೆ ಬೇರೆ ಕೆಲಸ ಇಲ್ವಾ?" ಅಂದರು ಅತ್ತೆ.

"ಪ್ರೀತಿ ಅತ್ತೆ, ಪ್ರೀತಿ."

"ಏನು ಪ್ರೀತಿಯೋ! ದಿನಕ್ಕೆ ಏಳು ಸಲ ಕಿಟಕೀಲಿ ಇಣುಕಿದರೆ ಪೊಲೀಸರನ್ನ ಕರೀತಾರೆ."

"ಅದು ಈಗ. ಇದು ಆಗಿನ ಕಾಲದ ಕತೆ."

"ಆಗಿನ ಕಾಲದ ಹುಡುಗೀರಿಗೆ ಹೆದರಿಕೆ ಇರಲಿಲ್ವಾ?"

ತಕ್ಕಡಿಯವರು ಪರದೆಯತ್ತ ಕೈ ತೋರಿಸಿದರು. "ಇಲ್ಲಿ ನೋಡಿ, ಈಗ ಅವನು ಏಣಿಯಿಂದ ಜಾರ್ತಾನೆ, ನಗು ಬರುತ್ತೆ" ಎಂದು ಮುಂದಾಗಿಯೇ ತಿಳಿಸಿದರು. ಅವನು ಜಾರಿದ. ನಗು ಬರಲಿಲ್ಲ. ಅರ್ಧ ಗಂಟೆಯ ಹೊತ್ತಿಗೆ ಪುಸ್ತಕದಲ್ಲಿದ್ದದ್ದು: ನಗು, ಸೊನ್ನೆ. ಮುಗುಳ್ನಗೆ, ಒಂದು, ಮಾವನದು, ಅದೂ ಆಕಳಿಕೆ ಇರಬಹುದು.

ಆಗ 'ಟಣ್' ಎಂದಿತು.

ಹೊದಿಕೆಯ ಭಾರಕ್ಕೆ ನಾಲ್ಕನೆಯ ಮೊಳೆ ಕಿತ್ತು ಬಂದಿತ್ತು. ಗೋಡೆಯಿಂದ ಕಡ್ಡಿಯಷ್ಟು ದಪ್ಪದ ನೀರು ಚಿಮ್ಮಿ ಪರದೆಯ ಮೇಲೆ ಬಿತ್ತು. ಪರದೆಯಲ್ಲಿ ನಾಯಕನೂ ಆಗಲೇ ಬಕೆಟ್ಟು ಮಗುಚಬೇಕೇ!

"ಭೇಷ್!" ಮಾವ ಕಿವಿ ಕೇಳದವರ ಗಟ್ಟಿ ದನಿಯಲ್ಲಿ ಕೂಗಿದರು. "ನೀರು ಎಷ್ಟು ನಿಜವಾಗಿ ಬಿತ್ತು ನೋಡು!"

ತಕ್ಕಡಿಯವರು ಒಂದೇ ನೆಗೆತಕ್ಕೆ ಗೋಡೆ ತಲುಪಿದರು. ಜಾರಿದ ಮೂಲೆಯನ್ನು ಎತ್ತಿ ತೂತಿನ ಮೇಲಿಟ್ಟು, ಬಟ್ಟೆಯ ಸಮೇತ ಹೆಬ್ಬೆರಳಿನಿಂದ ಅದುಮಿದರು. ನೀರು ನಿಂತಿತು. ಹೆಂಡತಿಯೇ ಆರಿಸಿದ ಬಣ್ಣ ಬಳಿಸಿ ಮೂರು ತಿಂಗಳೂ ಆಗದ ಗೋಡೆ! ವಿಷಯ ಗೊತ್ತಾದರೆ ಹನ್ನೊಂದು ದಿನ ನೂರಹನ್ನೊಂದಾಗುವುದರಲ್ಲಿ ಸಂಶಯವಿರಲಿಲ್ಲ. ಪೈಪಿನ ನೀರು ನಿಲ್ಲಿಸುವ ವಾಲ್ವ್ ಇರುವುದು ಅಡುಗೆಮನೆಯ ಸಿಂಕಿನ ಕೆಳಗೆ, ಹನ್ನೆರಡು ಹೆಜ್ಜೆ ದೂರದಲ್ಲಿ. ಹೆಬ್ಬೆರಳು ಇಲ್ಲಿ!

"ಅಲ್ಯಾಕೆ ನಿಂತ್ರಿ?" ಎಂದರು ಅತ್ತೆ.

"ಬಟ್ಟೆ ಜಾರ್ತಿದೆ ಅತ್ತೆ. ನೀವು ನೋಡ್ತಿರಿ."

ಹೆಂಡತಿ ಎದ್ದಳು. ನೇರ ಅಡುಗೆಮನೆಗೆ ಹೋದಳು! ನಲ್ಲಿ ತಿರುಗಿಸಿದರೆ ನೀರು ಸಣ್ಣಗೆ ಬರುವುದು ತಿಳಿಯುತ್ತದೆ, ಹೊರಗೆ ಬರುತ್ತಾಳೆ, ನೋಡುತ್ತಾಳೆ... ತಕ್ಕಡಿಯವರು ಹೆಬ್ಬೆರಳನ್ನು ಇನ್ನಷ್ಟು ಅದುಮಿದರು. ಆಕೆ ಲೋಟದಲ್ಲಿ ನೀರು ತಂದು ತಾಯಿಯ ಕೈಗಿತ್ತು, ಏನೂ ಆಗದವಳಂತೆ ಕೂತಳು. ಸದ್ಯ, ಬದುಕಿಕೊಂಡೆ ಎಂದುಕೊಂಡರು.

ಇನ್ನು ಉಳಿದ ಆಸರೆ ಮಾವನೊಬ್ಬರೇ. ಕೂಗಿದರೆ ಮಾವನನ್ನು ಬಿಟ್ಟು ಮಿಕ್ಕವರಿಗೆಲ್ಲ ಕೇಳಿಸುತ್ತದೆ. ಖಾಲಿ ಇದ್ದ ಕೈಯಲ್ಲಿ ಏನನ್ನೋ ತಿರುಗಿಸುವಂತೆ ಸನ್ನೆ ಮಾಡಿದರು. ಮಾವ ತಲೆಯಾಡಿಸಿ, ಎದ್ದು ಹೋಗಿ ಫ್ಯಾನಿನ ಗುಂಡಿ ತಿರುಗಿಸಿದರು. ಒದ್ದೆ ಹೊದಿಕೆ ಹಾರಿ ತಕ್ಕಡಿಯವರ ಮುಖಕ್ಕೆ ರಪ್ಪೆಂದು ಬಡಿಯಿತು. ಅದೇ ಖಾಲಿ ಕೈಯ ಹೆಬ್ಬೆರಳನ್ನು ಬಾಯಿಯತ್ತ ಬಾಗಿಸಿ 'ನೀರು' ಎಂದು ತೋರಿಸಿದರು. ಮಾವ ಅತ್ತೆಯ ಕೈಯ ಲೋಟವನ್ನೇ ತಂದು ಅಳಿಯನ ತುಟಿಗೆ ಹಿಡಿದರು. ತಕ್ಕಡಿಯವರು ಬೇಡವೆಂದು ಕಾಲು ಅಪ್ಪಳಿಸಿದರು. ಮಾವ ಬಗ್ಗಿ ಅಳಿಯನ ಚಪ್ಪಲಿ ಬಿಚ್ಚಿದರು.

ಪ್ರೊಜೆಕ್ಟರಿನ ಬೆಳಕಿನಲ್ಲಿ ಇದೆಲ್ಲದರ ನೆರಳು ಪರದೆಯ ತುಂಬ ಕುಣಿಯುತ್ತಿತ್ತು. ಕತೆಯಲ್ಲಿ ಆಗ ಹುಡುಗಿ ಕೊನೆಗೂ ಅಂಗಡಿಯ ಹೊರಗೆ ಬಂದು, ಕಿಟಕಿ ಒರೆಸುವವನತ್ತ ಬಾಗಿ ಮುತ್ತಿಟ್ಟಳು. ಮುತ್ತು ಬಿದ್ದದ್ದು ತಕ್ಕಡಿಯವರ ಮೊಣಕೈಗೆ.

"ಅಯ್ಯೋ, ನಮ್ಮ ಅಳಿಯಂದಿರಿಗೆ ಕೊಟ್ಟಳಲ್ಲೇ!" ಎಂದರು ಅತ್ತೆ.

ಹೆಂಡತಿ ನಕ್ಕಳು. ಸೋಫಾದ ದಿಂಬು ಕಚ್ಚಿ, ಕಣ್ಣೊರೆಸಿಕೊಂಡು, ಮತ್ತೆ ನಕ್ಕಳು. ಎಷ್ಟು ಸೆಕೆಂಡೋ ದಾಖಲಾಗಲಿಲ್ಲ. ಗಡಿಯಾರ ಕಟ್ಟಿದ ಕೈ ಗೋಡೆಯ ಮೇಲಿತ್ತು.

ಚಿತ್ರ ಮುಗಿಯಿತು. ದೀಪ ಹತ್ತಿತು. ಆಕೆ ಹತ್ತಿರ ಬಂದಳು.

"ರೀ."

ಹನ್ನೊಂದು ದಿನಗಳ ಮೇಲೆ ಮೊದಲನೆಯ ಮಾತು!

"ಕೈ ತೆಗೀರಿ."

"ಆಗಲ್ಲ," ಎಂದರು ತಕ್ಕಡಿಯವರು. "ಮೊಳೆ ಪೈಪಿಗೆ ಹೋಗಿದೆ. ನಂದೇ ತಪ್ಪು. ಅವತ್ತು ಬಸ್ಸಿನ ವಿಷಯದಲ್ಲೂ ನಂದೇ ತಪ್ಪು."

"ಅದು ರೈಲು ಅಲ್ವಾ?"

"ಬಸ್ಸು! ಹಸಿರು ಬಟ್ಟೆ, ಬಸ್ಸು!"

"ಸರಿ, ತೆಗೀರಿ."

ಕಣ್ಣುಮುಚ್ಚಿ ತೆಗೆದರು. ತೂತಿನಿಂದ ಒಂದು ಹನಿ ಇಳಿಯಿತು. ಅಷ್ಟೇ.

"ಅಮ್ಮನಿಗೆ ನೀರು ತರೋಕೆ ಹೋದಾಗಲೇ ವಾಲ್ವ್ ಮುಚ್ಚಿ ಬಂದೆ" ಅಂದಳು.

"ಮತ್ತೆ ಹೇಳೋದಲ್ವಾ! ಬೆರಳು ಜೋಮು ಹಿಡಿದು ಏನೂ ಗೊತ್ತಾಗ್ತಿರಲಿಲ್ಲ!"

"ಸಿನಿಮಾ ಆಗ ತಾನೇ ಚೆನ್ನಾಗಾಗಿತ್ತು. ನಡುವೆ ಮಾತಾಡಿ ಯಾಕೆ ಕೆಡಿಸಲಿ?"

ಮುಂದಿನ ಭಾನುವಾರ ಭಾವಮೈದುನನ ಮನೆಯಲ್ಲಿ ಆಕೆ ಈ ಕತೆಯನ್ನು ಹೇಳುತ್ತಿದ್ದಳು. "ಎರಡನೇ ಮೊಳೆ ಹೊಡೆದರು ನೋಡಿ, ಪೈಪೇ ಒಡೀತು! ಆಮೇಲೆ ಒಂದು ಗಂಟೆ ಹಾಗೇ ಗೋಡೆ ಹಿಡಿದು ನಿಂತಿದ್ದರು!" ಎಲ್ಲರೂ ನಗಲು ಬಾಯಿ ತೆರೆದರು. ಆಕೆ ಮಾತು ನಿಲ್ಲಿಸಿ ಗಂಡನ ಕಡೆ ನೋಡಿದಳು.

ಮೊಳೆ ನಾಲ್ಕನೆಯದು. ನಿಂತದ್ದು ಹತ್ತೊಂಬತ್ತು ನಿಮಿಷ. ಅದರಲ್ಲಿ ನಿಜಕ್ಕೂ ಬೇಕಾಗಿದ್ದದ್ದು ಎರಡೇ ನಿಮಿಷ. ತಕ್ಕಡಿಯವರು ಬಾಯಿ ತೆರೆದರು.

"ಒಂದು ಗಂಟೆಯಲ್ಲ," ಎಂದರು. "ಒಂದು ಗಂಟೆ ಹತ್ತು ನಿಮಿಷ."